ಗುಂಪಿನಿಂದ ಒಂದು ಹೆಜ್ಜೆ ಮುಂದೆ

ಕೇಳುಗರಿಗೆಲ್ಲ ನಮಸ್ಕಾರ.

ಧೈರ್ಯ ಅಂದ ಕೂಡಲೇ ನಮಗೆ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ನೆನಪಾಗುತ್ತಾರೆ. ಸಹಜವೇ. ಆದರೆ ನಮ್ಮ ನಿಮ್ಮಂಥವರನ್ನು ದಿನಾ ಕಟ್ಟಿಹಾಕುವ ಭಯಗಳು ಬೇರೆ. "ನಮಗ್ಯಾಕೆ ಈ ಉಸಾಬರಿ", "ನಾಲ್ಕು ಜನ ಏನಂದಾರು" ಅನ್ನುವಂಥವು.

ರಸ್ತೆ ಅಪಘಾತವನ್ನೇ ನೋಡಿ. ಬೈಕ್ ಬಿದ್ದಿದೆ. ಚಪ್ಪಲಿ ಒಂದು ಕಡೆ, ಹೆಲ್ಮೆಟ್ ಇನ್ನೊಂದು ಕಡೆ. ಸುತ್ತ ಜನ, ಕೈಯಲ್ಲಿ ಮೊಬೈಲು. ನಿಂತವರೆಲ್ಲ ಕಲ್ಲುಮನಸ್ಸಿನವರೇನಲ್ಲ. ಪೊಲೀಸು, ಕೋರ್ಟು ಅಂತ ಅಲೆಯಬೇಕಾದೀತು ಅನ್ನುವ ಅಂಜಿಕೆ, ಅಷ್ಟೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕ ಹರೀಶ್ ಅನ್ನುವ ಯುವಕರೊಬ್ಬರು, ದೇಹ ಎರಡು ತುಂಡಾಗಿದ್ದಾಗಲೂ, ತಮ್ಮ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಆ ನೋವಿನಲ್ಲೂ ಇನ್ನೊಬ್ಬರ ಚಿಂತೆ ಮಾಡಿದರಲ್ಲ! ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡಲು 2016ರಲ್ಲಿ ಶುರುವಾದ ರಾಜ್ಯದ ಯೋಜನೆಗೆ ಅವರ ಹೆಸರನ್ನೇ ಇಟ್ಟರು.

ಈಗ ಕಾನೂನೂ ನೆರವಾದವರ ಬೆನ್ನಿಗಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂತು. ಅದರ ನಿಯಮಗಳ ಪ್ರಕಾರ, ನಿಮ್ಮ ಹೆಸರು ಹೇಳಲೇಬೇಕು ಅಂತ ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದೂ ನಿಮ್ಮ ಇಷ್ಟ. ಇಷ್ಟಿದ್ದರೂ ಮೊದಲ ಹೆಜ್ಜೆ ಕಷ್ಟವೇ, ಅಲ್ವಾ? ಆದರೆ ಯಾರಾದರೂ ಒಬ್ಬರು ಮುಂದೆ ಬಂದು "ಅಣ್ಣಾ, ಗಾಡಿಗಳನ್ನ ಸ್ವಲ್ಪ ತಡೀರಿ. ಅಕ್ಕಾ, 108ಕ್ಕೆ ಫೋನ್ ಮಾಡಿ" ಅಂದರೆ, ಉಳಿದವರೂ ಕೈಜೋಡಿಸುತ್ತಾರೆ. ಬಿದ್ದವರನ್ನು ಎಳೆದಾಡಬೇಡಿ, ಕತ್ತಿಗೆ ಪೆಟ್ಟಾಗಿರಬಹುದು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಇನ್ನೊಂದು ಧೈರ್ಯ ಮನೆಯೊಳಗಿನದು. "ನನ್ನ ಕೈಲಿ ಆಗ್ತಿಲ್ಲ" ಅಂತ ಬಾಯಿಬಿಟ್ಟು ಹೇಳುವುದು. ಬೆಳೆ ಕೈಕೊಟ್ಟು ಸಾಲ ಏರಿದ ರೈತ, ಪರೀಕ್ಷೆಯಲ್ಲಿ ಫೇಲಾದ ಹುಡುಗಿ, ಕಾರಣವೇ ಇಲ್ಲದೆ ಅಳು ಉಕ್ಕಿ ಬರುವ ಬಾಣಂತಿ. ಅದರಲ್ಲೂ ಗಂಡಸು ಅಳಬಾರದು ಅಂತ ಹೇಳಿಸಿಕೊಂಡೇ ಬೆಳೆದವರಿಗೆ ಈ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಇಂಥವರಿಗಾಗಿಯೇ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಅದರ ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಹೇಳಿಕೊಂಡರೆ "ಅಯ್ಯೋ, ಇಷ್ಟಕ್ಕೆಲ್ಲಾ!" ಅನ್ನಬೇಡಿ. ಅವರು ಹೇಳುವುದನ್ನು ಪೂರ್ತಿ ಕೇಳಿ. ಆ ನಂಬರು ಒತ್ತುವಾಗ ಪಕ್ಕದಲ್ಲೇ ಕೂತಿರಿ.

ನಮಸ್ಕಾರ.