ಬೇಲ್ ಸಿಕ್ಕಿದ್ದಕ್ಕೆ ಸ್ವೀಟ್ ಹಂಚಿದ ದಿನ

ಕೇಳುಗರೆಲ್ಲರಿಗೂ ನಮಸ್ಕಾರ. 2025ರ ಮಾರ್ಚ್ 4, ಮಂಗಳವಾರ, ಸಂಜೆ ಹೊತ್ತು. ನಾನು ಅರ್ಧ ಕೆಜಿ ಮೈಸೂರ್ ಪಾಕ್ ಕಟ್ಟಿಸ್ಕೊಂಡು ನಮ್ಮ ಬೀದಿ ಗರಡಿಗೆ ಹೋದೆ. ಕೊಲೆ ಕೇಸಲ್ಲಿ ಜೈಲಲ್ಲಿದ್ದ ಒಲಿಂಪಿಕ್ ಪೈಲ್ವಾನ್ ಸುಶೀಲ್ ಕುಮಾರ್‌ಗೆ ದೆಹಲಿ ಹೈಕೋರ್ಟು ಬೇಲ್ ಕೊಟ್ಟಿದೆ ಅನ್ನೋ ಸುದ್ದಿ ಆಗ ತಾನೇ ಮೊಬೈಲಲ್ಲಿ ನೋಡಿದ್ದೆ, ಮನಸ್ಸು ತಡೀಲಿಲ್ಲ. ಎಲ್ರಿಗೂ ಒಂದೊಂದು ಪೀಸ್ ಕೊಡ್ತಾ ಬಂದೆ, ಹಿರಿಯರು ಬಾಯಿಗೆ ಹಾಕ್ಕೊಂಡು ಒಳ್ಳೇದಾಯ್ತು ಬಿಡಪ್ಪಾ ಅಂದ್ರು. ಕೊನೇಲಿ ಒಬ್ಬ ಹುಡುಗ, ಇಪ್ಪತ್ತು ವರ್ಷ ಇರ್ಬೋದು, ಆಗಷ್ಟೇ ಮಟ್ಟಿಯಿಂದ, ಅಂದ್ರೆ ಕುಸ್ತಿ ಆಡೋ ಮಣ್ಣಿನ ಅಖಾಡದಿಂದ ಎದ್ದು ಬಂದಿದ್ದ, ಮೈಯೆಲ್ಲ ಕೆಮ್ಮಣ್ಣು. ಕೈ ಚಾಚಿದವನು ಹಾಗೇ ಹಿಂದಕ್ಕೆ ತಗೊಂಡ. "ಅಣ್ಣಾ, ಸತ್ತೋದವ್ರೂ ಪೈಲ್ವಾನ್ರೇ ಅಲ್ವಾ?" ಅಂದ. ಜಗಳ ಮಾಡೋ ಧ್ವನಿ ಅಲ್ಲ ಅದು, ನಿಜವಾಗ್ಲೂ ಕೇಳ್ತಾ ಇದ್ದ. ನಾನು ಹೂಂ ಅಂದೆ. ಅವನು ಮೈ ತೊಳ್ಕೊಳ್ಳೋಕೆ ಹೋದ.

ಡಬ್ಬಿ ಮುಚ್ಚಿ ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನಾಲ್ಕು ವರ್ಷದಿಂದ ಈ ಕೇಸಿನ ಒಂದೊಂದು ಸುದ್ದೀನೂ ಓದ್ತಾ ಇದ್ದೀನಲ್ಲ, ತೀರ್ಕೊಂಡ ಆ ಹುಡುಗನ ಬಗ್ಗೆ ನನಗೆ ಗೊತ್ತಿರೋದೇನು? ಹೆಸರು ಸಾಗರ್ ಧನಖಡ್, ವಯಸ್ಸು 23, ಜೂನಿಯರ್ ವಿಭಾಗದಲ್ಲಿ ನ್ಯಾಷನಲ್ ಚಾಂಪಿಯನ್ ಆಗಿದ್ದವನು, ಅಪ್ಪ ದೆಹಲಿ ಪೊಲೀಸಲ್ಲಿ ಹೆಡ್ ಕಾನ್ಸ್‌ಟೇಬಲ್. ಅಷ್ಟೇ. ಸುಶೀಲ್ ಬಗ್ಗೆ ಕೇಳಿ, ರಾತ್ರಿಯಿಡೀ ಹೇಳ್ತೀನಿ.

ಹೇಳ್ದೇ ಇರೋಕಾಗಲ್ಲ, ಅದನ್ನ ಹೇಳ್ದೇ ಹೋದ್ರೆ ಈ ಅಭಿಮಾನ ಎಂಥದು ಅಂತ ನಿಮಗೆ ಗೊತ್ತಾಗಲ್ಲ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ ಖಾಶಾಬಾ ಜಾಧವ್ ಕಂಚು ಗೆದ್ದ ಮೇಲೆ ನಮ್ಮ ದೇಶಕ್ಕೆ ಕುಸ್ತೀಲಿ ಇನ್ನೊಂದು ಒಲಿಂಪಿಕ್ ಪದಕ ಬರೋಕೆ 56 ವರ್ಷ ಬೇಕಾಯ್ತು. ಅದನ್ನ ತಂದವನು ದೆಹಲಿ ಅಂಚಿನ ಬಾಪ್ರೋಲಾ ಅನ್ನೋ ಹಳ್ಳಿಯ ಒಬ್ಬ ಡ್ರೈವರ್ ಮಗ. 2008ರ ಆಗಸ್ಟ್ 20, ಬೀಜಿಂಗ್. ನಮ್ಮ ಸೋದರಮಾವ ಹಳೇ ಪೈಲ್ವಾನ್ರು, ದಸರಾ ಕುಸ್ತೀಲಿ ಜೋಡಿ ಕಟ್ಟಿಸ್ಕೊಂಡು ಆಡಿದವರು, ಅವರ ಮನೆ ಟಿವಿ ಮುಂದೆ ನಾವೆಲ್ಲ ಕೂತಿದ್ವಿ. ಸುಶೀಲ್ ಮೊದಲನೇ ಬೌಟೇ ಸೋತ, ಉಕ್ರೇನಿನ ಸ್ಟಾಡ್ನಿಕ್ ಅನ್ನೋನ ಕೈಲಿ. ಮುಗೀತು ಬಿಡು ಅಂತ ಎದ್ದೆ. ಮಾವ "ಕೂತ್ಕೊಳೋ, ಇನ್ನೂ ಐತೆ" ಅಂದ್ರು. ಕುಸ್ತೀಲಿ ರೆಪಿಶಾಜ್ ಅಂತ ಒಂದು ಲೆಕ್ಕ ಇದೆ. ನಿಮ್ಮನ್ನ ಸೋಲಿಸಿದವನು ಫೈನಲ್‌ವರೆಗೂ ಹೋದ್ರೆ, ಅವನ ಕೈಲಿ ಸೋತ ನಿಮಗೂ ಕಂಚಿಗೆ ಹೊಡೆದಾಡೋಕೆ ಇನ್ನೊಂದು ಚಾನ್ಸ್ ಸಿಗುತ್ತೆ. ಸ್ಟಾಡ್ನಿಕ್ ಫೈನಲ್‌ಗೆ ಹೋದ, ಇವನಿಗೆ ಬಾಗಿಲು ತೆಗೀತು. ಆಮೇಲೆ ಒಂದರ ಹಿಂದೆ ಒಂದು ಮೂರು ಬೌಟು, ಅಮೆರಿಕದವನು, ಬೆಲಾರಸ್‌ನವನು, ಕಜಕಿಸ್ತಾನದವನು, ಮೂವರನ್ನೂ ಕೆಡವಿ ಕಂಚು ತಗೊಂಡ. ಮಾವ ಅವತ್ತು ತೊಡೆ ತಟ್ಟಿದ ಸದ್ದು ನನಗೆ ಇವತ್ತಿಗೂ ಕೇಳ್ಸುತ್ತೆ.

ಆಮೇಲೆ 2010ರಲ್ಲಿ ಮಾಸ್ಕೋದಲ್ಲಿ ವಿಶ್ವ ಚಾಂಪಿಯನ್, ಭಾರತದ ಕುಸ್ತೀಲಿ ಮೊಟ್ಟಮೊದಲು. 2012ರ ಲಂಡನ್‌ನಲ್ಲಿ ಬಾವುಟ ಹಿಡ್ಕೊಂಡು ಮುಂದೆ ನಡೆದವನೂ ಅವನೇ, ಬೆಳ್ಳಿ ತಂದವನೂ ಅವನೇ.

ಈ ಬೀಜಿಂಗ್ ಕಥೆ ಯಾಕೆ ಇಷ್ಟು ಎಳೆದು ಹೇಳ್ದೆ ಅಂದ್ರೆ, ನಮ್ಮಂಥ ಅಭಿಮಾನಿಗಳ ತಲೇಲಿ ಸುಶೀಲ್ ಅಂದ್ರೆ ಕೂತಿರೋದೇ ಆ ಚಿತ್ರ, ಸೋತ ಮೇಲೂ ಎದ್ದು ಬರೋನು ಅಂತ. ಕೇಸು ಶುರುವಾದಾಗ ನಾವು ಅದನ್ನೂ ಅದೇ ಲೆಕ್ಕದಲ್ಲೇ ನೋಡಿದ್ವಿ, ಅರೆಸ್ಟ್ ಆದ ಅಂದ್ರೆ ಮೊದಲ ಬೌಟ್ ಸೋತ, ಬೇಲ್ ಸಿಕ್ರೆ ರೆಪಿಶಾಜ್, ಖುಲಾಸೆ ಆದ್ರೆ ಪದಕ, ಹಿಂಗೆ. ನಾನು ಹಂಚಿದ್ದು ಆ ರೆಪಿಶಾಜ್ ಸ್ವೀಟೇ. ಆದ್ರೆ ಕುಸ್ತೀಲಿ ಎದುರಿಗಿರೋನು ಕೆಳಗೆ ಬಿದ್ರೂ ಎದ್ದು ಕೈ ಕುಲುಕಿ ಮನೆಗೆ ಹೋಗ್ತಾನೆ.

ಏನಾಯ್ತು ಅಂತ ಒಮ್ಮೆ ನೆನಪು ಮಾಡ್ಕೊಳ್ಳೋಣ. 2021ರ ಮೇ 4ರ ರಾತ್ರಿ, ಕೋವಿಡ್ ಎರಡನೇ ಅಲೆ, ದೆಹಲೀಲಿ ಲಾಕ್‌ಡೌನ್. ಸಾಗರ್‌ನೂ ಅವನ ಜೊತೆಯವರನ್ನೂ ಛತ್ರಸಾಲ್ ಸ್ಟೇಡಿಯಂಗೆ ಎಳೆದು ತಂದು ಹೊಡೆದ್ರು, ಆ ಏಟಿಗೇ ಸಾಗರ್ ತೀರ್ಕೊಂಡ, ಹೊಡೆದವರಲ್ಲಿ ಸುಶೀಲ್ ಮುಖ್ಯ, ಇದು ಪೊಲೀಸರ ಆರೋಪ. ಸುಶೀಲ್ ಇದನ್ನ ಒಪ್ಪಿಲ್ಲ. ಯಾವುದು ನಿಜ ಅನ್ನೋದನ್ನ ಹೇಳ್ಬೇಕಾಗಿರೋದು ಕೋರ್ಟು, ನಾನೂ ಅಲ್ಲ, ಟಿವಿ ಚಾನೆಲ್ಲೂ ಅಲ್ಲ. ಆದ್ರೆ ಆ ಜಾಗ ಯಾವುದು ನೋಡಿ! ಛತ್ರಸಾಲ್ ಅಂದ್ರೆ ಸುಶೀಲ್ ಹದಿನಾಲ್ಕನೇ ವಯಸ್ಸಿಗೆ ಬಂದು ಸತ್ಪಾಲ್ ಗುರುಗಳ ಕೈಲಿ ಪಳಗಿದ ಜಾಗ, ಸಾಗರ್ ಕೂಡ ತಾಲೀಮು ಮಾಡಿದ ಜಾಗ. ನಮ್ಮ ಕಡೆ ಗರಡಿಗೆ ಚಪ್ಪಲಿ ಹಾಕ್ಕೊಂಡು ಕಾಲಿಡಲ್ಲ, ಆಂಜನೇಯನಿಗೆ ಕೈ ಮುಗೀದೆ ಮಟ್ಟಿ ಮುಟ್ಟಲ್ಲ. ಅಂಥಾ ಜಾಗದಲ್ಲಿ ಒಬ್ಬ ಪೈಲ್ವಾನ್ ಹುಡುಗ ಜೀವ ಹೋಗೋ ಹಾಗೆ ಏಟು ತಿಂದ ಅಂತ ಕೇಳಿದಾಗ ಯಾರು ಹೊಡೆದ್ರು ಅನ್ನೋದಕ್ಕಿಂತ ಮುಂಚೆ ಹೊಟ್ಟೆ ಉರೀಬೇಕಿತ್ತು. ನನಗೆ ಉರೀಲಿಲ್ಲ. "ಅಯ್ಯೋ ಸುಶೀಲ್‌ಗೆ ಏನಾಗುತ್ತೋ" ಅಂತ ಅನ್ನಿಸ್ತು. ಇದನ್ನ ಹೇಳ್ಕೊಳ್ಳೋಕೆ ಇವತ್ತು ನಾಚಿಕೆ ಆಗುತ್ತೆ, ಆದ್ರೂ ಹೇಳ್ತಾ ಇದ್ದೀನಿ.

ಆಮೇಲೆ ಸುಮಾರು 18 ದಿನ ಸುಶೀಲ್ ಪೊಲೀಸರ ಕೈಗೆ ಸಿಗಲಿಲ್ಲ. ಸುಳಿವು ಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಅಂತ ಘೋಷಣೆ ಆಯ್ತು. ಮೇ 23ಕ್ಕೆ ದೆಹಲಿಯ ಮುಂಡ್ಕಾ ಹತ್ರ ಹಿಡಿದ್ರು, ಮುಖಕ್ಕೆ ಟವಲ್ ಮುಚ್ಕೊಂಡಿದ್ದ. ಲಂಡನ್‌ನಲ್ಲಿ ಬಾವುಟ ಹಿಡಿದ ಕೈ ಅದು. ಮಾವ ಟಿವಿ ಆಫ್ ಮಾಡಿ ಒಳಗೆ ಹೋಗಿ ಮಲಗಿಬಿಟ್ರು.

ಜೂನ್‌ನಲ್ಲಿ ಇನ್ನೊಂದು ವಿಷ್ಯ ಆಯ್ತು, ಅದಕ್ಕೆ ನಾನು ತುಂಬಾ ಸಿಟ್ಟು ಮಾಡ್ಕೊಂಡಿದ್ದೆ. ಜೈಲಲ್ಲಿ ಪ್ರೋಟೀನು, ಸಪ್ಲಿಮೆಂಟು, ವಿಶೇಷ ಊಟ ಬೇಕು ಅಂತ ಸುಶೀಲ್ ಅರ್ಜಿ ಹಾಕಿದ್ದ, ದೆಹಲಿಯ ರೋಹಿಣಿ ಕೋರ್ಟು ಅದು ಆಸೆಯೇ ಹೊರತು ಅಗತ್ಯ ಅಲ್ಲ ಅನ್ನೋ ಅರ್ಥದಲ್ಲಿ ಹೇಳಿ ಅರ್ಜಿ ತಳ್ಳಿಹಾಕ್ತು. ಪೈಲ್ವಾನ್ ದೇಹ ಏನು ಅಂತ ಇವರಿಗೇನ್ ಗೊತ್ತು, ಬಾದಾಮಿ ಹಾಲು ಇಲ್ದೇ ಹೋದ್ರೆ ಕಟ್ಟಿದ ಮೈ ಮೂರೇ ತಿಂಗಳಲ್ಲಿ ಇಳಿದುಹೋಗುತ್ತೆ ಅಂತ ಟೀ ಅಂಗಡೀಲಿ ದೊಡ್ಡ ದನಿಯಲ್ಲಿ ವಾದ ಮಾಡಿದ್ದೆ. ಈಗ ಯೋಚಿಸಿದ್ರೆ ಅನ್ಸುತ್ತೆ, ಅದೇ ಜೈಲಲ್ಲಿ ಹಸಿವು ಇರೋ ಬಡ ಕೈದಿಗಳು ಎಷ್ಟು ಜನ ಇರ್ಬೋದು, ಅವರಲ್ಲಿ ಒಬ್ಬರ ಊಟದ ಬಗ್ಗೆಯೂ ನಾನು ಯಾವತ್ತೂ ಬಾಯಿ ಬಿಟ್ಟಿಲ್ಲ.

ಅದೇ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸು. ಛತ್ರಸಾಲ್‌ನಲ್ಲೇ ಬೆಳೆದ ರವಿ ದಹಿಯಾ ಬೆಳ್ಳಿ ಗೆದ್ದ. ಸುಶೀಲ್ ಜೈಲಲ್ಲಿದ್ದ, ಸಾಗರ್ ಇರ್ಲೇ ಇಲ್ಲ. ಒಂದೇ ಅಖಾಡದ ಮೂರು ಜನ.

ಇನ್ನು ಕೇಸಿನ ನಡೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಮ್ಮಲ್ಲಿ ಗೊಂದಲ ಜಾಸ್ತಿ. 2022ರ ಅಕ್ಟೋಬರ್‌ನಲ್ಲಿ ಸುಶೀಲ್ ಮತ್ತು ಇನ್ನೂ 17 ಜನರ ಮೇಲೆ ಕೊಲೆ, ದೊಂಬಿ, ಒಳಸಂಚು ಅಂತ ರೋಹಿಣಿ ಕೋರ್ಟು ಆರೋಪ ನಿಗದಿ ಮಾಡ್ತು. ಆರೋಪ ನಿಗದಿ ಅಂದ್ರೆ ಶಿಕ್ಷೆ ಅಲ್ಲ, ವಿಚಾರಣೆ ಮಾಡೋಕೆ ಮೇಲ್ನೋಟಕ್ಕೆ ಸಾಕಷ್ಟು ಇದೆ ಅಂತ ಮಾತ್ರ. ಆಮೇಲೆ ಸಾಕ್ಷಿಗಳು. ಪೊಲೀಸರು ಕೊಟ್ಟ ಪಟ್ಟೀಲಿ 222 ಸಾಕ್ಷಿಗಳು. 2025ರ ಮಾರ್ಚ್‌ನಲ್ಲಿ ಬೇಲ್ ಅರ್ಜಿ ತೀರ್ಮಾನ ಆಗೋ ಹೊತ್ತಿಗೆ ವಿಚಾರಣೆ ಆಗಿದ್ದವರು 31 ಜನ. ಮೂರೂವರೆ ವರ್ಷ ಒಳಗಿದ್ದಾನೆ, ಈ ಸ್ಪೀಡಲ್ಲಿ ಕೇಸು ಮುಗಿಯೋದು ಯಾವಾಗ ಅನ್ನೋದೇ ಹೈಕೋರ್ಟು ಬೇಲ್ ಕೊಟ್ಟಿದ್ದಕ್ಕೆ ದೊಡ್ಡ ಕಾರಣ, ತಪ್ಪು ಮಾಡಿಲ್ಲ ಅಂತ ಅಲ್ಲ. ಈ ಕಾರಣಾನ ನಾನು ಇವತ್ತಿಗೂ ಒಪ್ತೀನಿ, ತೀರ್ಪೇ ಬರದೆ ಯಾರನ್ನೂ ವರ್ಷಗಟ್ಲೆ ಒಳಗೆ ಇಡಬಾರದು, ಅದು ಸುಶೀಲ್ ಆಗ್ಲಿ, ಹೆಸರಿಲ್ಲದ ಇನ್ಯಾರೋ ಆಗ್ಲಿ. ಆದ್ರೆ ನಾನು ಮೈಸೂರ್ ಪಾಕ್ ಹಂಚಿದ್ದು ಈ ತತ್ವಕ್ಕಲ್ಲ. ಗೆದ್ದ ಅಂತ ಹಂಚಿದ್ದು.

ಆ ಬೇಲ್ ವಿರುದ್ಧ ಸಾಗರ್ ಅಪ್ಪ ಸುಪ್ರೀಂ ಕೋರ್ಟಿಗೆ ಹೋದ್ರು. ಆಗಸ್ಟ್ 13ಕ್ಕೆ ಸುಪ್ರೀಂ ಕೋರ್ಟು ಬೇಲ್ ರದ್ದು ಮಾಡಿ ಒಂದು ವಾರದಲ್ಲಿ ಶರಣಾಗು ಅಂತು, ಸುಶೀಲ್ 20ನೇ ತಾರೀಕು ಶರಣಾದ. ಬೇಲ್ ರದ್ದಾದ ಮಾರನೇ ದಿನ, ಆಗಸ್ಟ್ 14ಕ್ಕೆ, ನಮ್ಮದೇ ನಾಡಿನ ಒಬ್ಬ ಸಿನಿಮಾ ನಟರ ಬೇಲ್‌ನೂ ಅದೇ ಸುಪ್ರೀಂ ಕೋರ್ಟು ರದ್ದು ಮಾಡ್ತು, ಹಾಗಾಗಿ ಕನ್ನಡ ಚಾನೆಲ್‌ಗಳಲ್ಲಿ ಸುಶೀಲ್ ಸುದ್ದಿ ಕಾಣ್ಲೇ ಇಲ್ಲ. ಆ ಕೇಸಿನ ಬಗ್ಗೆ ನಾನು ಮಾತಾಡಲ್ಲ, ನಿಮಗೆಲ್ಲ ಗೊತ್ತು. ಆದ್ರೆ ಅವತ್ತು ಬೀದೀಲಿ ಅಳ್ತಾ ನಿಂತಿದ್ದ ಹುಡುಗರನ್ನ ಟಿವೀಲಿ ನೋಡಿ, ಇವರಿಗೇನು ಬುದ್ಧಿ ಇಲ್ವಾ ಅಂತ ಹೇಳೋಕೆ ಬಾಯಿ ತೆಗೆದವನು ಹಾಗೇ ಮುಚ್ಚಿದೆ.

ಸುಪ್ರೀಂ ಕೋರ್ಟು ಬೇಲ್ ಯಾಕೆ ರದ್ದು ಮಾಡ್ತು ಅನ್ನೋದು ನನಗೆ ಆ ಹುಡುಗನ ಪ್ರಶ್ನೆಗಿಂತ ಜೋರಾಗಿ ತಾಕಿದ ವಿಷ್ಯ. ಆರೋಪ ಗಂಭೀರ, ಮೊದಲು ತಲೆಮರೆಸಿಕೊಂಡಿದ್ದ, ಇವೆಲ್ಲ ಇತ್ತು. ಅದರ ಜೊತೆಗೆ ಇನ್ನೊಂದು, ಇವನು ದೇಶ ವಿದೇಶದಲ್ಲಿ ಹೆಸರಾದವನು, ಸಮಾಜದಲ್ಲಿ ಇವನ ಪ್ರಭಾವ ಇದೆ, ಸಾಕ್ಷಿಗಳ ಮೇಲೆ ಅದು ಕೆಲಸ ಮಾಡ್ಬೋದು, ಸಾಕ್ಷಿಗಳು ತಿರುಗಿಬೀಳ್ತಾ ಇದ್ದಾರೆ ಅನ್ನೋದನ್ನೂ ಕೋರ್ಟು ಲೆಕ್ಕಕ್ಕೆ ತಗೊಳ್ತು. ಸಾಕ್ಷಿ ತಿರುಗಿಬೀಳೋದು ಅಂದ್ರೆ ಮೊದಲು ಪೊಲೀಸರ ಮುಂದೆ ಒಂದು ಹೇಳಿಕೆ ಕೊಟ್ಟವರು ಕೋರ್ಟಲ್ಲಿ ನಿಂತು ನಾನು ಹಾಗೆ ಹೇಳೇ ಇಲ್ಲ ಅನ್ನೋದು.

ಈಗ ಆ ಪ್ರಭಾವ ಅನ್ನೋ ಮಾತು ತಗೊಳ್ಳಿ. ಅದು ಎಲ್ಲಿಂದ ಬಂತು? ಆ ಪ್ರಭಾವ ಅಂದ್ರೆ ನಾವೇ. ಬೀಜಿಂಗ್ ಪದಕದ ದಿನ ತೊಡೆ ತಟ್ಟಿದ ನಮ್ಮ ಮಾವ, ಪೋಸ್ಟರ್ ಅಂಟಿಸಿದ ನಾನು, ಊರೂರಲ್ಲಿ ಹಾರ ಹಾಕಿದವರು, ಎಲ್ಲ ಸೇರಿ ಅವನನ್ನ ಅಷ್ಟು ಎತ್ತರಕ್ಕೆ ಎತ್ತಿದ್ವಿ, ಅದರಲ್ಲಿ ತಪ್ಪೇನೂ ಇರ್ಲಿಲ್ಲ. ಆದ್ರೆ ಕೋರ್ಟಲ್ಲಿ ಕಟಕಟೆ ಹತ್ತಿ ನಿಂತ ಒಬ್ಬ ಸಾಮಾನ್ಯ ಸಾಕ್ಷಿ, ಅವನೂ ಕುಸ್ತಿ ಲೋಕದ ಒಬ್ಬ ಹುಡುಗ ಅಂತ ಅಂದ್ಕೊಳ್ಳಿ, ನಾಳೆ ಅವನು ಅದೇ ಜನರ ಮಧ್ಯೆ ಬದುಕ್ಬೇಕು, ಅದೇ ಅಖಾಡಕ್ಕೆ ಹೋಗ್ಬೇಕು, ಸೆಲೆಕ್ಷನ್‌ಗೆ ನಿಲ್ಬೇಕು, ಅವನಿಗೆ ಎದುರಿಗೆ ಕಾಣೋದು ಒಬ್ಬ ಸುಶೀಲ್ ಅಲ್ಲ, ಸುಶೀಲ್ ಹಿಂದೆ ನಿಂತಿರೋ ನಾವೆಲ್ಲ. ಯಾರೂ ಬೆದರಿಸದೇ ಇದ್ರೂ ಬಾಯಿ ಒಣಗುತ್ತೆ. ನಾನು ಮೈಸೂರಲ್ಲಿ ಕೂತು ಸ್ವೀಟ್ ಹಂಚಿದ್ದು ದೆಹಲಿಯ ಯಾವ ಸಾಕ್ಷಿಗೂ ಗೊತ್ತಾಗಲ್ಲ ನಿಜ. ಆದ್ರೆ ಅವನ ಬೀದೀಲೂ ಯಾರೋ ಒಬ್ಬ ಹಂಚಿರ್ತಾನಲ್ಲ.

ಒಂದು ಮಾತು ನೆನಪಿಗೆ ಬಂತು. 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಯಾರು ಹೋಗ್ಬೇಕು ಅಂತ ಇನ್ನೊಬ್ಬ ಪೈಲ್ವಾನ್ ನರಸಿಂಗ್ ಯಾದವ್‌ಗೂ ಸುಶೀಲ್‌ಗೂ ಜಟಾಪಟಿ ಆಗಿತ್ತು. ಇಬ್ಬರಿಗೂ ಟ್ರಯಲ್ ಇಡಿ, ಮ್ಯಾಟ್ ಮೇಲೇ ತೀರ್ಮಾನ ಆಗ್ಲಿ ಅಂತ ಸುಶೀಲ್ ದೆಹಲಿ ಹೈಕೋರ್ಟಿಗೆ ಹೋಗಿದ್ದ, ಕೋರ್ಟು ಒಪ್ಪಲಿಲ್ಲ. ಆಗ ನಾವೆಲ್ಲ ಕೂಗಿದ್ದು ಒಂದೇ ಮಾತು, ಟ್ರಯಲ್ ಆಗ್ಲಿ, ಟ್ರಯಲ್‌ಗೆ ಯಾಕೆ ಹೆದರ್ತೀರಾ ಅಂತ. ಎದುರಾಳಿಗೂ ಸಮಾನ ಅವಕಾಶ ಕೊಟ್ಟು ಎಲ್ರೂ ನೋಡೋ ಹಾಗೆ ತೀರ್ಮಾನ ಆಗ್ಬೇಕು ಅಂತ ತಾನೇ ನಾವು ಕೇಳಿದ್ದು? ಈಗ ನಡೀತಿರೋದಕ್ಕೂ ಟ್ರಯಲ್ ಅಂತಾನೇ ಹೆಸರು. ಈ ಟ್ರಯಲ್ ಕೂಡ ನೆಟ್ಟಗೆ ನಡೀಬೇಕು, 222 ಜನರಲ್ಲಿ ಹೇಳ್ಬೇಕಾದವರು ಹೆದರದೆ ಹೇಳ್ಬೇಕು, ಸುಶೀಲ್ ಪರ ವಕೀಲರು ಕೇಳ್ಬೇಕಾದ್ದೆಲ್ಲ ಕೇಳ್ಬೇಕು, ಬೇಗ ಮುಗೀಬೇಕು. ತಪ್ಪಿಲ್ಲ ಅಂತಾದ್ರೆ ತಲೆ ಎತ್ತಿ ಆಚೆ ಬರ್ಲಿ, ತಪ್ಪಿದೆ ಅಂತಾದ್ರೆ ಎರಡು ಪದಕ ಅದನ್ನ ಅಳಿಸಲ್ಲ. ಬೀಜಿಂಗ್ ಕಂಚನ್ನೂ ಯಾರೂ ಅಳಿಸೋಕಾಗಲ್ಲ, ಆ ದಿನ ನಮಗಾದ ಸಂತೋಷ ಸುಳ್ಳಲ್ಲ.

ಈಗ ಕೇಸಿನ ಸುದ್ದಿ ಬಂದ್ರೆ ನಾನು ಮೊದಲು ಹುಡುಕೋದು ಎಷ್ಟನೇ ಸಾಕ್ಷಿ ಬಂದ್ರು, ಏನಂದ್ರು ಅಂತ. ಬಹಳ ಸಲ ಆ ಸಾಲೇ ಇರಲ್ಲ, ಸುಶೀಲ್ ಫೋಟೋ ದೊಡ್ಡದಾಗಿ ಇರುತ್ತೆ.

ಮಾವನಿಗೆ ಈಗ ಕಣ್ಣು ಅಷ್ಟಾಗಿ ಕಾಣಲ್ಲ, ಪೇಪರ್ ಓದೋಕಾಗಲ್ಲ. ಆಗಾಗ ಫೋನ್ ಮಾಡ್ತಾರೆ. ಮೊದಲೆಲ್ಲ "ಲೋ, ಸುಶೀಲ ಆಚೆ ಬಂದ್ನೇನೋ?" ಅಂತ ಶುರು ಮಾಡೋರು. ಗರಡೀಲಿ ಆ ಹುಡುಗ ಕೇಳಿದ್ದನ್ನ ನಾನು ಒಂದ್ಸಲ ಅವರಿಗೆ ಹೇಳಿದ್ದೆ, ಆಗ ಅವರು ಏನೂ ಅಂದಿರ್ಲಿಲ್ಲ, ಹೂಂಗುಟ್ಟಿ ಫೋನ್ ಇಟ್ಟಿದ್ರು. ಸುಶೀಲ್ ಶರಣಾದ ದಿನ ರಾತ್ರಿ ಅವರೇ ಫೋನ್ ಮಾಡಿದ್ರು. ಸುದ್ದಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಆ ಹುಡ್ಗನ ಅಪ್ಪ ಪೊಲೀಸಲ್ಲಿದ್ದೋರು ಅಂದ್ಯಲ್ಲ, ಅವ್ರೇ ತಾನೇ ದೊಡ್ಡ ಕೋರ್ಟಿಗೆ ಹೋಗಿದ್ದು?" ಅಂದ್ರು. ಹೌದು ಮಾವ ಅಂದೆ. "ಮಗ ಎಷ್ಟು ಕೆಜಿ ವಿಭಾಗದಲ್ಲಿ ಆಡ್ತಿದ್ನೋ, ಯಾವ ಪಟ್ಟು ಚೆನ್ನಾಗಿ ಹಾಕ್ತಿದ್ನೋ, ಒಸಿ ನೋಡಿ ಹೇಳು" ಅಂದ್ರು.

ಹುಡುಕ್ತಾ ಇದ್ದೀನಿ. ನಮಸ್ಕಾರ.