ಕಿಂಡಿಯಲ್ಲಿದೆ ಹಕ್ಕಿಯ ಕಂಠ

ಕೇಳುಗರಿಗೆ ನಮಸ್ಕಾರ.

ಬಿದಿರಿನ ತುಂಡಿಗೆ ಕಿಂಡಿ ಕೊರೆದು, ಬೆಣೆ ಜಡಿದು ಊದಿದರೆ ಪೀಪಿಯಾಗುತ್ತದೆ. ಅದರಲ್ಲಿ ಕಷ್ಟವೇನೂ ಇಲ್ಲ. ಆದರೆ ಪೊದೆಯಾಚೆ ಕೂತ ಹಕ್ಕಿ ಓಗೊಡುವಂತೆ ಅದು ಕೂಗಬೇಕಾದರೆ ಕೆಲಸ ಅರ್ಧ ಮಿಲಿಮೀಟರಿನ ಲೆಕ್ಕಕ್ಕೆ ಇಳಿಯುತ್ತದೆ. ಇವತ್ತಿನ ಮಾತು ಹೆಚ್ಚಾಗಿ ಆ ಅರ್ಧ ಮಿಲಿಮೀಟರಿನದೇ.

ಈ ಪೀಪಿಗಳನ್ನು ಮೊದಲು ಬಳಸಿದವರು ಬೇಟೆಗಾರರು. ದಟ್ಟ ಕಾಡಿನ ನೆಲದಲ್ಲಿ ಓಡಾಡುವ ಹಕ್ಕಿಯ ಕೂಗು ಕಿವಿಗೆ ಬೀಳುತ್ತದೆ, ಹಕ್ಕಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ದಕ್ಷಿಣ ಅಮೆರಿಕದ ಟಿನಮೂ ಹಕ್ಕಿಗಳು ಅಂಥವು. ಬ್ರೆಜಿಲ್‌ನಲ್ಲಿ ಇಂಥ ಪೀಪಿಗೆ 'ಪಿಯೊ' ಎನ್ನುತ್ತಾರೆ. ಅಲ್ಲಿನ ಕಶೊಯೆಯ್ರೊ ಡಿ ಇಟಪೆಮಿರಿಂ ಊರಿನಲ್ಲಿ ಮೌರಿಲಿಯೊ ಕೊಯೆಲ್ಯೊ 1903ರಲ್ಲಿ ಶುರುಮಾಡಿದ ಕಾರ್ಖಾನೆ ಮರದ ಪಿಯೊಗಳಿಗೆ ಹೆಸರಾಯಿತು. 1967ರ ವನ್ಯಜೀವಿ ಕಾನೂನು ಆ ದೇಶದಲ್ಲಿ ಬೇಟೆಗೆ ಕಡಿವಾಣ ಹಾಕಿದ ಮೇಲೆ ಪೀಪಿ ಪಕ್ಷಿವೀಕ್ಷಕರ ಮತ್ತು ಸಂಗೀತಗಾರರ ಕೈಗೆ ಬಂತು.

ಇನ್ನು ಸ್ವರ ಹುಟ್ಟುವ ಬಗೆ. ಊದಿದ ಗಾಳಿ ಕಿರಿದಾದ ಸೀಳಿನಿಂದ ತೆಳು ಪಟ್ಟಿಯಾಗಿ ಹೊರಟು, ಕಿಂಡಿಯನ್ನು ದಾಟಿ, ಎದುರಿನ ಚೂಪಾದ ಅಂಚಿಗೆ ಬಡಿಯುತ್ತದೆ. ಬಡಿದದ್ದು ಒಮ್ಮೆ ಕೊಳವೆಯ ಒಳಕ್ಕೆ ವಾಲುತ್ತದೆ, ಒಮ್ಮೆ ಹೊರಕ್ಕೆ. ಈ ತೂಗಾಟ ಸೆಕೆಂಡಿಗೆ ಎಷ್ಟು ಸಲ ಎನ್ನುವುದನ್ನು ಒಳಗಿನ ಗಾಳಿಯ ಕಂಬ ತೀರ್ಮಾನಿಸುತ್ತದೆ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಅಲೆಯ ಉದ್ದ ಕೊಳವೆಯ ಉದ್ದದ ನಾಲ್ಕರಷ್ಟು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಗಾಗಿ ಕಿಂಡಿಯಿಂದ ಮುಚ್ಚಿದ ತುದಿಗೆ 7 ಸೆಂಟಿಮೀಟರ್ ಇದ್ದರೆ ಕಾಗದದ ಲೆಕ್ಕಕ್ಕೆ 1,225 ಹರ್ಟ್ಸ್ ಬರಬೇಕು. ಊದಿ ನೋಡಿದರೆ ಅದಕ್ಕಿಂತ ಕೆಳಗೇ ಇರುತ್ತದೆ, ಏಕೆಂದರೆ ಕಿಂಡಿಯ ಬಾಯಿ ಕೊಳವೆಗೆ ಒಂದಿಷ್ಟು ಉದ್ದ ಸೇರಿಸಿದ ಹಾಗೆ ವರ್ತಿಸುತ್ತದೆ. ಉದ್ದ ಅರ್ಧವಾದರೆ ಸ್ವರ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲೇರುತ್ತದೆ. ಬಹಳಷ್ಟು ಗೂಬೆ, ಪಾರಿವಾಳಗಳ ದನಿ 1,000 ಹರ್ಟ್ಸ್‌ಗಿಂತ ಕೆಳಗಿನದು, ಅದಕ್ಕೆ ಉದ್ದ ಕೊಳವೆ ಬೇಕು. ಸಣ್ಣ ಹಾಡುಹಕ್ಕಿಗಳಲ್ಲಿ ಬಹಳಷ್ಟು 3,000ದ ಮೇಲೆ ಕೂಗುವಂಥವು. ಅವಕ್ಕೆ ಬೆರಳ ಗೆಣ್ಣಿನಷ್ಟು ಪೊಳ್ಳು ಸಾಕು.

ಕಲಿಯುವವರಿಗೆ ಬಿದಿರೇ ಸರಿ. ಮರವನ್ನು ಲೇತ್‌ನಲ್ಲಿ ಕಡೆದು ಬೈರಿಗೆಯಿಂದ ಕೊರೆಯಬೇಕು, ಬಿದಿರು ಕೊರೆದೇ ಬಂದಿರುತ್ತದೆ. ಒಳವ್ಯಾಸ 10ರಿಂದ 12 ಮಿಲಿಮೀಟರ್ ಇರುವ, ನೆರಳಲ್ಲಿ ಪೂರ್ತಿ ಒಣಗಿದ ಗಳ ಆರಿಸಿಕೊಳ್ಳಿ. ಹಸಿ ಬಿದಿರಿನಲ್ಲಿ ಇವತ್ತು ಚೆನ್ನಾಗಿ ಕೂಗಿದ ಪೀಪಿ ತಿಂಗಳೊಳಗೆ ಕುಗ್ಗಿ ಸೀಳು ಬಿಡುತ್ತದೆ. ಒಂದು ತುದಿಯಲ್ಲಿ ಗೆಣ್ಣು ಉಳಿಯುವಂತೆ, ಒಟ್ಟು 10 ಸೆಂಟಿಮೀಟರ್ ಉದ್ದಕ್ಕೆ ಕೊಯ್ಯಿರಿ. ಕೊಯ್ಯುವ ಗರಗಸದ ಹಲ್ಲು ಸಣ್ಣದಿರಲಿ, ಇಲ್ಲದಿದ್ದರೆ ನಾರು ಕಿತ್ತು ಬರುತ್ತದೆ.

ಊದುವ ತುದಿಯಿಂದ 2 ಸೆಂಟಿಮೀಟರ್ ಬಿಟ್ಟು ಗಳಕ್ಕೆ ಅಡ್ಡಲಾಗಿ ನೇರ ಕಚ್ಚು ಹಾಕಿ, ಆಳ ಬಿದಿರಿನ ಗೋಡೆ ದಾಟುವಷ್ಟು. ಆಮೇಲೆ ಆಚೆ ಕಡೆಯಿಂದ ಓರೆಯಾಗಿ ಚಾಕು ಹಿಡಿದು, ಆ ಕಚ್ಚಿನ ಕಡೆಗೆ ಸ್ವಲ್ಪಸ್ವಲ್ಪವಾಗಿ ಕೆತ್ತುತ್ತಾ ಬನ್ನಿ. ಅಗಲ 6 ಮಿಲಿಮೀಟರ್ ಇರಲಿ. ನೇರ ಕಚ್ಚಿಗೂ ಓರೆಯ ಅಂಚಿಗೂ ನಡುವಿನ ತೆರಪು ಮೊದಲಿಗೆ 3 ಮಿಲಿಮೀಟರ್ ದಾಟದಿರಲಿ. ಕಿಂಡಿಯನ್ನು ಆಮೇಲೆ ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು. ಹಾಳಾಗುವ ಪೀಪಿಗಳಲ್ಲಿ ಹೆಚ್ಚಿನವು ಹಾಳಾಗುವುದು ಇಲ್ಲೇ, ಇನ್ನೊಂದು ಚೂರು ಕೆತ್ತೋಣ ಎನ್ನುವ ಆತುರಕ್ಕೆ. ಅಂಚಿನಲ್ಲಿ ನಾರು ಎದ್ದಿದ್ದರೆ ಸ್ವರದ ಜೊತೆ ಬುಸ್ಸೆನ್ನುವ ಸದ್ದು ಬರುತ್ತದೆ. ಅಲ್ಲಿಗೆ ತೆಳುವಾಗಿ ಅಂಟು ಸವರಿ, ಗಟ್ಟಿಯಾದ ಮೇಲೆ ನಯವಾದ ಮರಳುಕಾಗದದಿಂದ ಉಜ್ಜಿದರೆ ಸದ್ದು ಅಡಗುತ್ತದೆ.

ಈಗ ಬೆಣೆ. ಒಣಗಿದ ಮೆದು ಮರದ ಕಡ್ಡಿಯನ್ನು ಕೊಳವೆಯೊಳಗೆ ಬಿಗಿಯಾಗಿ ಕೂರುವಂತೆ ದುಂಡಗೆ ಸವೆಸಿ, ಒಂದು ಮೈಯನ್ನು ಮಾತ್ರ ಚಪ್ಪಟೆ ಮಾಡಿ. ಆ ಚಪ್ಪಟೆ ಮೈಗೂ ಬಿದಿರಿನ ಒಳಮೈಗೂ ನಡುವೆ 1 ಮಿಲಿಮೀಟರ್ ಸೀಳು ಉಳಿಯಬೇಕು. ಇದೇ ಗಾಳಿಯ ದಾರಿ. ಬೆಣೆಯನ್ನು ತೂರಿಸಿ, ಅದರ ಒಳತುದಿ ನೇರ ಕಚ್ಚಿಗೆ ಸಮನಾಗುವ ತನಕ ಮೆಲ್ಲಗೆ ತಳ್ಳುತ್ತಾ ಊದುತ್ತಾ ಹೋಗಿ. ಸ್ವರ ಒಮ್ಮೆಗೇ ತಿಳಿಯಾಗುವ ಜಾಗ ಒಂದಿರುತ್ತದೆ. ಅಂಟು ಹಾಕುವ ಮೊದಲು ಆ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿಕೊಳ್ಳಿ.

ಊದಿದರೂ ಸ್ವರವೇ ಇಲ್ಲವೇ? ಪೀಪಿಯನ್ನು ಬೆಳಕಿಗೆ ಹಿಡಿದು ಸೀಳಿನೊಳಗೆ ಇಣುಕಿ. ಸೀಳಿನ ಮೇಲ್ಭಾಗದಲ್ಲಿ ಅಂಚು ತೆಳು ಗೆರೆಯಾಗಿ ಕಾಣಬೇಕು. ಕಾಣದಿದ್ದರೆ ಗಾಳಿ ಅಂಚನ್ನು ಮುಟ್ಟದೆ ಅದರ ಕೆಳಗೇ ನುಸುಳಿ ಹೋಗುತ್ತಿದೆ ಎಂದರ್ಥ. ಆಗ ಸೀಳಿನ ಛಾವಣಿಯನ್ನು, ಅಂದರೆ ಅಲ್ಲಿನ ಬಿದಿರಿನ ಒಳಮೈಯನ್ನು, ಸಣ್ಣ ಅರದಿಂದ ಎರಡು ಮೂರು ಸಲ ಉಜ್ಜಿ. ಸ್ವರಕ್ಕಿಂತ ಉಸಿರಿನ ಸದ್ದೇ ಹೆಚ್ಚಿದ್ದರೆ ಸೀಳು ಎತ್ತರವಾಗಿದೆ, ಬೆಣೆ ಹೊಸದಾಗಿ ಮಾಡಬೇಕು. ಮೆಲ್ಲಗೆ ಊದಿದರೂ ಕೀರಲು ದನಿಗೆ ಜಿಗಿಯುತ್ತಿದ್ದರೆ ಕಿಂಡಿ ಗಿಡ್ಡವಾಗಿದೆ, ಅಂಚನ್ನು ಕೂದಲೆಳೆಯಷ್ಟು ಹಿಂದಕ್ಕೆ ಕೆತ್ತಿ. ಚೆನ್ನಾಗಿ ಕೂಗುತ್ತಿದ್ದದ್ದು ಐದು ನಿಮಿಷಕ್ಕೆ ಗೊಗ್ಗರಾದರೆ ತಪ್ಪು ಪೀಪಿಯದಲ್ಲ, ಬಾಯಿಯ ಹಬೆ ಸೀಳಿನಲ್ಲಿ ನೀರಾಗಿ ನಿಂತಿದೆ. ಊದುವ ಮೊದಲು ಅಂಗೈಯಲ್ಲಿ ಮುಚ್ಚಿ ಬಿಸಿ ಮಾಡಿಕೊಂಡರೆ ಈ ತೊಂದರೆ ಕಡಿಮೆ. ತಣ್ಣಗಿನ ಪೀಪಿಯ ಸ್ವರ ಒಂದಿಷ್ಟು ಕೆಳಗೂ ಇರುತ್ತದೆ.

ಸ್ವರ ಕೂಡಿಸುವುದಕ್ಕೆ ಹಳೆಯ ಉಪಾಯ ಜೇನುಮೇಣ. ಕೊಳವೆಯನ್ನು ಬೇಕಾದದ್ದಕ್ಕಿಂತ ತುಸು ಉದ್ದವೇ ಇಟ್ಟು, ಕರಗಿದ ಮೇಣವನ್ನು ತೊಟ್ಟುತೊಟ್ಟಾಗಿ ಗೆಣ್ಣಿನ ಮೇಲೆ ಬೀಳಿಸಿದರೆ ಗಾಳಿಯ ಕಂಬ ಗಿಡ್ಡವಾಗುತ್ತದೆ, ಸ್ವರ ಏರುತ್ತದೆ. ಹೆಚ್ಚಾದರೆ ಕಡ್ಡಿಯಿಂದ ಕೆರೆದು ತೆಗೆಯಬಹುದು. ಬೆಣೆಗೆ ಅಂಟು ಹಾಕಿ ಮುಚ್ಚಿದ ಮೇಲೆ ಈ ಅನುಕೂಲ ಇಲ್ಲ. ಜಾರುವ ಕೂಗು ಬೇಕೆಂದರೆ ಗೆಣ್ಣನ್ನು ಕತ್ತರಿಸಿ ಬಿಟ್ಟು, ಅಲ್ಲಿ ಬಟ್ಟೆ ಸುತ್ತಿದ ಗುಂಡು ಕಡ್ಡಿಯನ್ನು ಒಳಗೆ ಹೊರಗೆ ಆಡಿಸುವಂತೆ ಕೂರಿಸುತ್ತಾರೆ. ಬಟ್ಟೆಗೆ ಮೇಣ ಉಜ್ಜದಿದ್ದರೆ ಗಾಳಿ ಸೋರಿ ಸ್ವರ ಸಾಯುತ್ತದೆ. ಕಡ್ಡಿಯ ಮೇಲೆ ಎರಡು ಗೆರೆ ಗೀರಿಕೊಂಡರೆ ಕೂಗಿನ ಮೊದಲ ಸ್ವರ, ಕೊನೆಯ ಸ್ವರ ಪ್ರತಿಸಲ ಅಲ್ಲಲ್ಲೇ ಸಿಗುತ್ತವೆ.

ಮಣ್ಣಿನ ಪೀಪಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಉದ್ದಕ್ಕಿಂತ ಹೊಟ್ಟೆಯ ಗಾತ್ರ ಮತ್ತು ಬಾಯಿಯ ಅಗಲ ಮುಖ್ಯ. ಒಣಗಿ ಸುಟ್ಟ ಮೇಲೆ ಮಣ್ಣು ಶೇಕಡಾ 10ರಷ್ಟು ಕುಗ್ಗಿದರೆ ಸ್ವರವೂ ಸುಮಾರು ಅಷ್ಟೇ ಏರುತ್ತದೆ. ಅದಕ್ಕೇ ಹಸಿಯಲ್ಲಿ ಸ್ವರ ತಗ್ಗಿಸಿಯೇ ಮಾಡಬೇಕು. ಹೊಟ್ಟೆಗೆ ಒಂದಿಷ್ಟು ನೀರು ಹಾಕಿ, ಊದುವ ನಾಳದ ಬಾಯಿ ಅದರಲ್ಲಿ ಮುಳುಗುವಂತಿದ್ದರೆ ಗುಳ್ಳೆಗಳು ಸ್ವರವನ್ನು ನಡುಗಿಸುತ್ತವೆ, ಚಿಲಿಪಿಲಿ ತಾನಾಗಿ ಬರುತ್ತದೆ. ಮಕ್ಕಳಿಗೆ ಇದು ಬಲು ಇಷ್ಟ, ಹಕ್ಕಿಗಳಿಗೆ ಅಷ್ಟಾಗಿ ಅಲ್ಲ.

ಊದದೆಯೇ ಕೂಗಿಸುವವೂ ಇವೆ. ಯುರೋಪಿನ ಗೌಜಲಕ್ಕಿ ಪೀಪಿಯಲ್ಲಿ ಕುದುರೆಕೂದಲು ತುಂಬಿದ ಚಿಕ್ಕ ಚರ್ಮದ ಚೀಲಕ್ಕೆ ಮೂಳೆಯ ಕೊಳವೆ ಕಟ್ಟಿರುತ್ತಾರೆ. ಚೀಲವನ್ನು ಕೈಗೆ ತಟ್ಟಿದರೆ ಗಾಳಿ ಹೊರಟು ಹಕ್ಕಿಯ ತುಂಡುತುಂಡು ಕೂಗು ಬರುತ್ತದೆ. ಕೂದಲಿನ ಕೆಲಸ ಚೀಲವನ್ನು ಮತ್ತೆ ಉಬ್ಬಿಸುವುದು. ಇನ್ನೊಂದು ಬಗೆಯಲ್ಲಿ ಮರದ ತೂತಿನೊಳಗೆ ಲೋಹದ ಬಿರಡೆಯನ್ನು ತಿರುಗಿಸುತ್ತಾರೆ. ಬಿರಡೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಜಾರುವಾಗ ಕೀಚು ದನಿ ಹೊರಡುತ್ತದೆ. ಪಿಟೀಲಿನ ಕಮಾನಿನಲ್ಲಿ ಆಗುವುದೂ ಇದೇ, ಹಾಗಾಗಿ ಇದಕ್ಕೂ ರಾಳದ ಪುಡಿ ಬೇಕು. ದನಿ ನಿಂತರೆ ಎಣ್ಣೆ ಮಾತ್ರ ಹಾಕಬೇಡಿ. ಹಳೆಯ ರಾಳ ಒರೆಸಿ, ಚಿಟಿಕೆ ಹೊಸದು ಉದುರಿಸಿ.

ಸ್ವರ ಸರಿಯಾದರೆ ಮುಗಿಯಲಿಲ್ಲ. ಕೂಗಿನ ಲಯ ತಪ್ಪಿದರೆ ಎಷ್ಟು ಶುದ್ಧ ಸ್ವರಕ್ಕೂ ಹಕ್ಕಿ ಕಿವಿಗೊಡುವುದಿಲ್ಲ. ಸ್ವರ ಚೂರು ಆಚೀಚೆಯಾದರೂ ಲಯ ನಿಂತರೆ ಉತ್ತರ ಬರುವ ಸಂಭವ ಹೆಚ್ಚು. ಮೊದಲು ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಮುದ್ರಿಸಿ, ಕೂಗಿಗೂ ಕೂಗಿಗೂ ನಡುವಿನ ಮೌನವನ್ನು ಸೆಕೆಂಡಿನಲ್ಲಿ ಎಣಿಸಿಕೊಳ್ಳಿ. ಮರೆಯಲ್ಲಿ ಅಲುಗಾಡದೆ ನಿಂತು, ಎರಡು ಮೂರು ಸಲ ಮೆಲ್ಲಗೆ ಕೂಗಿ, ಕೆಲವು ನಿಮಿಷ ಸುಮ್ಮನಿರಿ. ಜೋರಾಗಿ ಪದೇಪದೇ ಊದಿದರೆ ಅಂಜುಕುಳಿ ಗಂಡು ಬಾಯಿ ಮುಚ್ಚಿಕೊಂಡು ಜಾಗ ಬಿಡುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಪೀಪಿ ಜೇಬಿನಲ್ಲೇ ಇರಲಿ, ಎದುರಾಳಿ ಬಂದನೆಂದು ಗಾಬರಿಯಾದ ಹಕ್ಕಿ ಮೊಟ್ಟೆ ಬಿಟ್ಟು ಏಳುತ್ತದೆ.

ಬಳಸಿದ ಮೇಲೆ ಬಲವಾಗಿ ಒಮ್ಮೆ ಊದಿದರೆ ಸೀಳಿನ ನೀರು ಹೊರಬೀಳುತ್ತದೆ. ಬಿಸಿಲಿಗೆ ಇಡದೆ ನೆರಳಲ್ಲಿ ಆರಿಸಿ. ಹೊರಮೈಗೆ ಆಗಾಗ ಅಗಸೆ ಎಣ್ಣೆ ತೆಳ್ಳಗೆ ಸವರಬಹುದು. ಬೆಣೆಗೂ ಸೀಳಿಗೂ ಎಣ್ಣೆ ತಗಲದಂತೆ ನೋಡಿಕೊಳ್ಳಿ, ಧೂಳು ಹಿಡಿದು ಗಾಳಿಯ ದಾರಿ ಕಟ್ಟಿಕೊಳ್ಳುತ್ತದೆ. ನಮಸ್ಕಾರ.