ಸದ್ದಿಗಿಂತ ಮೊದಲು ಕೈ

ಈ ಕೋಣೆಯಲ್ಲಿ ಆರ್ಕೆಸ್ಟ್ರಾ ಎಲ್ಲಿದೆ ಎಂದು ನೀವು ಹುಡುಕುತ್ತಿರಬಹುದು. ಇಲ್ಲಿರುವುದು ಎರಡು ಪಿಯಾನೋ ಮಾತ್ರ. ವಿಯೆನ್ನಾದಲ್ಲಿ ಆರ್ಕೆಸ್ಟ್ರಾ ನಿರ್ದೇಶನ ಕಲಿಯುತ್ತಿದ್ದೇನೆ ಎಂದಾಗ ನಮ್ಮ ಚಿಕ್ಕಮ್ಮನಿಗೆ ನೆನಪಾದದ್ದು ಗಣೇಶೋತ್ಸವದ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವವರು. ಉಳಿದವರು ನಾನು ದಿನವೂ ಅರವತ್ತು ವಾದಕರ ಮುಂದೆ ನಿಂತಿರುತ್ತೇನೆ ಎಂದುಕೊಂಡಿದ್ದಾರೆ. ವಾಸ್ತವದಲ್ಲಿ ಇಬ್ಬರು ಸೇರಿ ಇಡೀ ಸಿಂಫನಿಯನ್ನು, ಅಂದರೆ ಆರ್ಕೆಸ್ಟ್ರಾಕ್ಕೆಂದು ಬರೆದ ದೊಡ್ಡ ಕೃತಿಯನ್ನು, ಪಿಯಾನೋಗಳಲ್ಲಿ ನುಡಿಸುತ್ತಾರೆ, ನಾನು ಖಾಲಿ ಗೋಡೆಯ ಕಡೆ ತಿರುಗಿ, ಅಲ್ಲಿಲ್ಲದ ಹಾರ್ನ್ ವಾದಕರಿಗೆ ಸನ್ನೆ ಮಾಡುತ್ತೇನೆ.

ಕಳೆದ ವಾರ ನಿಜವಾದ ಆರ್ಕೆಸ್ಟ್ರಾದೊಂದಿಗೆ ನನಗೆ 12 ನಿಮಿಷ ಸಿಕ್ಕಿತು. ಅದರಲ್ಲಿ ಏಳು ನಿಮಿಷ ಬೀಥೋವನ್ ಅವರ ಐದನೇ ಸಿಂಫನಿಯ ಮೊದಲ ಐದು ಬಾರ್‌ಗಳಲ್ಲೇ ಕಳೆದುಹೋಯಿತು. ಬಾರ್ ಎಂದರೆ ನಮ್ಮ ತಾಳದ ಆವರ್ತದಂತೆ ಸಂಗೀತವನ್ನು ಅಳೆಯುವ ಒಂದು ಚಿಕ್ಕ ತುಂಡು. ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಸ್ವರಗಳು ಮೌನದಿಂದ ಆರಂಭವಾಗುತ್ತವೆ: ಮೊದಲ ಬಾರ್‌ನ ನಾಲ್ಕು ಭಾಗಗಳಲ್ಲಿ ಮೊದಲನೆಯದು ಖಾಲಿ. ಬೀಥೋವನ್ ಸೂಚಿಸಿದ ವೇಗ ನಿಮಿಷಕ್ಕೆ 108 ಬಾರ್ ಆದ್ದರಿಂದ ಒಂದು ಬಾರ್‌ಗೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಕಾಲ, ಕೈ ಕೆಳಗಿಳಿದು ಕೊಡುವುದು ಒಂದೇ ಪೆಟ್ಟು. ಆ ಪೆಟ್ಟು ಬೀಳುವ ಕ್ಷಣದಲ್ಲಿ ಯಾರೂ ನುಡಿಸುವುದಿಲ್ಲ. ನಾನು ಅಳುಕಿ ಎರಡು ಪೆಟ್ಟು ಕೊಟ್ಟೆ. ಪಿಟೀಲಿನವರಲ್ಲಿ ಅರ್ಧ ಜನ ಮೊದಲನೆಯದಕ್ಕೆ, ಉಳಿದವರು ಎರಡನೆಯದಕ್ಕೆ, ಕ್ಲಾರಿನೆಟ್‌ನವರು ನಡುವೆ ಎಲ್ಲೋ ಬಂದರು. ನಾಲ್ಕನೆಯ ಸಲವೂ ಹೀಗೆಯೇ ಆದಾಗ ಮುಂದಿನ ಸಾಲಿನ ವಾದಕರೊಬ್ಬರು ಕಮಾನನ್ನು ಮಡಿಲಿಗಿಟ್ಟುಕೊಂಡು, ಯಾವ ವೇಗ ಬೇಕೆಂದು ನಿಮಗೆ ತಿಳಿದಿದೆಯೇ ಎಂದು ಬಹಳ ವಿನಯದಿಂದ ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಕರ್ನಾಟಕ ಸಂಗೀತ ಕಲಿತವಳಿಗೆ ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಹೊಸದಲ್ಲ. ಸಮ, ಅಂದರೆ ತಾಳದ ಮೊದಲ ಪೆಟ್ಟು, ಬಿದ್ದ ಮೇಲೆ ಅರ್ಧ ಅಕ್ಷರ ಬಿಟ್ಟು ಎತ್ತಿಕೊಳ್ಳುವ ಕೀರ್ತನೆಗಳನ್ನು ಬಾಲ್ಯದಿಂದ ತೊಡೆ ತಟ್ಟಿಕೊಂಡು ಹಾಡಿದ್ದೇನೆ, ಮತ್ತು ಆ ಹೆಮ್ಮೆಯೇ ನನಗೆ ಮುಳುವಾಯಿತು. ನಮ್ಮ ತಾಳದ ಕೈ ಹಾಡಿನ ಜೊತೆಜೊತೆಗೆ ನಡೆಯುತ್ತದೆ. ಇಲ್ಲಿ ಕೈ ಸದ್ದಿಗಿಂತ ಮೊದಲೇ ಹೋಗಬೇಕು. ಪೆಟ್ಟಿಗೆ ಮುನ್ನ ಕೈಯನ್ನು ಮೇಲೆತ್ತುವ ಆ ಒಂದು ಉಸಿರಿನಲ್ಲೇ ವೇಗವೂ ಬಲವೂ ಇರಬೇಕು, ಏಕೆಂದರೆ ಪೆಟ್ಟು ಬಿದ್ದ ಮೇಲೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ನಿರ್ದೇಶಕರು ಕೈಯಲ್ಲಿ ಹಿಡಿಯುವ ಸಣ್ಣ ಕೋಲು, ಬೇಟನ್, ಬರೀ ಅಲಂಕಾರ ಎಂದು ಹಿಂದಿನ ವಿಡಿಯೋದಲ್ಲಿ ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಬರಿಗೈಯ ಪೆಟ್ಟು ಎಲ್ಲಿ ಬಿತ್ತೆಂಬುದು ಹಿಂದಿನ ಸಾಲಿಗೆ ಸರಿಯಾಗಿ ಕಾಣುವುದಿಲ್ಲ.

ಈಗ ಕಾಣುತ್ತಿರುವುದು ವಿಯೆನ್ನಾದ ಹಳೆಯ ರಂಗಮಂದಿರ, ಥಿಯೇಟರ್ ಆನ್ ಡೆರ್ ವೀನ್. ಐದನೇ ಸಿಂಫನಿ 1808ರ ಡಿಸೆಂಬರ್ 22ರಂದು ಮೊದಲು ಕೇಳಿಸಿದ್ದು ಇಲ್ಲಿಯೇ. ತಾಲೀಮು ಸಾಲದೆ, ಅದೇ ಕಚೇರಿಯಲ್ಲಿ ಪಿಯಾನೋ, ಗಾಯನವೃಂದ, ಆರ್ಕೆಸ್ಟ್ರಾ ಮೂರೂ ಸೇರುವ ಬೀಥೋವನ್ ಅವರ ಕೋರಲ್ ಫ್ಯಾಂಟಸಿ ಎಂಬ ಕೃತಿ ನಡುವೆ ಕೆಟ್ಟುಹೋಗಿ, ನಿಲ್ಲಿಸಿ ಮತ್ತೆ ಆರಂಭಿಸಬೇಕಾಯಿತು. ಕಳೆದ ವಾರದಿಂದ ಈ ಕಟ್ಟಡದ ಮೇಲೆ ನನಗೆ ವಿಶೇಷ ಪ್ರೀತಿ. 1954ರಲ್ಲಿ ಮುಂಬೈಯಿಂದ ಈ ನಗರಕ್ಕೆ ಬಂದ, ಮುಂದೆ ಹೆಸರಾಂತ ಆರ್ಕೆಸ್ಟ್ರಾ ನಿರ್ದೇಶಕರಾದ ಜುಬಿನ್ ಮೆಹ್ತಾ ಅವರು ಹಾನ್ಸ್ ಸ್ವರೋವ್ಸ್ಕಿ ಅವರಲ್ಲಿ ಕಲಿಯುತ್ತಿದ್ದಾಗ, ದೊಡ್ಡ ನಿರ್ದೇಶಕರ ತಾಲೀಮುಗಳನ್ನು ಹತ್ತಿರದಿಂದ ನೋಡಲೆಂದೇ ಸಹಪಾಠಿ ಕ್ಲಾಡಿಯೋ ಅಬ್ಬಾಡೋ ಅವರೊಡನೆ ಗಾಯನವೃಂದ ಸೇರಿದ್ದರು. ನನಗೂ ಆ ಆಸೆಯಿದೆ, ಆದರೆ ನನ್ನ ಜರ್ಮನ್ ಉಚ್ಚಾರಣೆ ಇನ್ನೂ, ಇರಲಿ, ದೃಶ್ಯ ಮುಗಿಯುತ್ತಿದೆ.

ಮತ್ತೆ ತರಗತಿಗೆ ಬಂದೆವು. ಇಂದು ಆ ಮೊದಲ ಎತ್ತುಗೆಯೊಂದನ್ನೇ ಇಪ್ಪತ್ತು ಸಲ ಮಾಡಿದೆ. ಹದಿಮೂರು ಸಲ ಪಿಯಾನೋದವರಿಬ್ಬರೂ ಒಟ್ಟಿಗೆ ಬಂದರು; ಉಳಿದ ಏಳನ್ನೂ ನಾನು ಕತ್ತರಿಸಿಲ್ಲ, ನೋಡಿ.